ಅರ್ಧ ಕಿತ್ತ ಸೋಯಾ

ಅಣ್ಣಾ, ನೀನು ತೀರಿಕೊಂಡ ಎರಡು ವರ್ಷಕ್ಕೆ ನಿನ್ನ ಮಾತು ಕೇಳಿದೆ. ಭತ್ತ ಕೊಯ್ದ ಗದ್ದೆಯಲ್ಲಿ ತಡವಾಗಿ ಹಾಕಿದ ಸೋಯಾ ಗಿಡ್ಡವೇ ಉಳಿಯುತ್ತದೆ, ಒತ್ತಾಗಿ ಬಿತ್ತಬೇಕು ಎಂದಿದ್ದೆಯಲ್ಲ, ಹಾಗೇ ಬಿತ್ತಿದೆ. ನಿನ್ನೆ ಬಡಿದೆವು. ಎಕರೆಗೆ ಎಂಟು ಮೂಟೆ.

ಪಕ್ಕದ ಗದ್ದೆಯ ಗುರುಸಿದ್ದ ಕಣಕ್ಕೆ ಬಂದು, "ನಿಮ್ಮಣ್ಣ ಇಂಗೇ ಒತ್ತಾಗ್ ಬಿತ್ತಿ ಮೂರೇ ಮೂಟೆ ಕಂಡ. ನಿನ್ ಕೈಗುಣವೇ ಬ್ಯಾರೆ ಕಣ್ಲಾ" ಎಂದ.

ಆ ವರ್ಷ ಅತ್ತಿಗೆಯ ಹೆರಿಗೆಗೆಂದು ನೀನು ನರಸೀಪುರದಲ್ಲಿದ್ದಾಗ, ಒತ್ತಾದರೆ ರೋಗ ಬಿದ್ದೀತೆಂಬ ದಿಗಿಲಿಗೆ ಅರ್ಧ ಪೈರು ಕಿತ್ತವನು ನಾನು. ನೀನು ಮರಳಿ ಬಂದಾಗ, ಅರ್ಧ ಬೀಜ ಹುಟ್ಟಲೇ ಇಲ್ಲ ಎಂದು ಸುಳ್ಳು ಹೇಳಿದೆ. "ಬೀಜ ಮಡಗಿದ್ದೋನು ನಾನೇ ಅಲ್ವಾ, ನಂದೇ ತಪ್ಪು" ಅಂದೆ ನೀನು. ಮತ್ತೆಂದೂ ನೀನು ಸೋಯಾ ಮುಟ್ಟಲಿಲ್ಲ.

ಗುರುಸಿದ್ದ ಬಿತ್ತನೆಗೆ ಬೀಜ ಕೇಳಿದ. ಅಂದು ಕಿತ್ತವನು ನಾನೇ ಎಂದು ಹೇಳದೆ ಅಳೆದು ಕೊಟ್ಟು, "ನನ್ ಎಸ್ರು ಏಳಿ ಬಿತ್ಲಾ" ಎಂದೆ.