ಬೆಂಕಿ ಕಾಣದ ಒಲಿಗೆ ಈಬತ್ತಿ

ಹಲಸಂಗ್ಯಾಗಿರೋ ನಮ್ಮ ಅಕ್ಕಗ ಜರ್ಮನಿಯಿಂದ ಶಂಕ್ರೆವ್ವನ ಶರಣು.

ನಿನ್ನ ಮಗಳು ಜಯಮಾಲಾ, ಕೂಸು ಇಬ್ರೂ ಆರಾಮ ಅದಾರ. ಇವರ ಒಲಿ ನೀ ನೋಡಬೇಕಿತ್ತು! ಬರೇ ಕರೀ ಗಾಜು. ಉರಿನೂ ಇಲ್ಲ, ಮಸಿನೂ ಇಲ್ಲ. ಬಟನ್ ಒತ್ತಿದ್ರ ಗಾಜಿನ ಕೆಳಗ ಕೆಂಪಗ ಹೊಳಿತೈತಿ. ನೀ ಕಟ್ಟಿಕೊಟ್ಟ ಹಿಟ್ಟಿನ ರೊಟ್ಟಿ ಎಷ್ಟ ಚಂದ ಉಬ್ಬತಾವ ಅಂತಿ! ಹಂಚು ಮಾತ್ರ ಎತ್ತಿ ಇಡಬೇಕು, ಎಳದ್ರ ಗಾಜಿಗೆ ಗೀರು ಬೀಳತಾವ.

ಬಂದ ಮರುದಿನ ಮುಂಜಾನೆ ರೂಢಿ ಪ್ರಕಾರ ವಿಭೂತಿ ಗಟ್ಟಿ ತಗೊಂಡು ಒಲಿಗೆ ಮೂರು ಬೆರಳಿಲೆ ಈಬತ್ತಿ ಹಚ್ಚಾಕ ಹೋದೆ. ಮೂರೂ ಬೆರಳು ಚುರ್ ಅಂದ್ವು. ಜಯಮಾಲಾ ಆಗಷ್ಟ ಹಾಲು ಕಾಸಿ ಇಳಿಸಿದ್ಲು.

"ಚಿಗವ್ವಾ, ಈ ಸಣ್ಣ ಕೆಂಪು ದೀಪ ಆರೂತನಕ ಮುಟ್ಟಬ್ಯಾಡ, ಕಾವು ಇರತೈತಿ. ಗಾಜಿಗೆ ಯಾರರ ಈಬತ್ತಿ ಹಚ್ಚತಾರೇನು?" ಅಂತ ನಕ್ಕಳು. ಬೆರಳಿಗೆ ಈಗ ನೋವಿಲ್ಲ, ಚಿಂತಿ ಮಾಡಬ್ಯಾಡ.

ಮಗಳು ನಮ್ಮ ಮನಿ ರೂಢಿ ಮರೀತಾಳ ಅಂತ ಅಳತಿದ್ದೆಲ್ಲ ನೀ? ಕಾರ್ಡ್ ತುಂಬಾಕ ಬಂತು, ಇದೊಂದು ಹೇಳಿ ಮುಗಸ್ತೇನಿ. ಇವತ್ತ ನಾ ಏಳೂದು ತಡಾ ಆತು. ಅಡಗಿಮನಿಗೆ ಹೋಗಿ ನೋಡಿದ್ರ ದೀಪ ಆರಿತ್ತು, ಗಾಜು ತಣ್ಣಗಿತ್ತು, ಅದರ ಮ್ಯಾಲೆ ಆಗಲೇ ಮೂರು ಗೆರಿ ಈಬತ್ತಿ ಇತ್ತು.