ತೇವದ ಗೋಡೆಗೆ ಬಣ್ಣ ಬಳಿಯದವನಿಗೆ

ನನ್ನ ಮೊಂಡ ತಮ್ಮನಿಗೆ,

ಫೋನ್ ಮಾಡಿದರೆ "ಆಮೇಲೆ ಮಾತಾಡ್ತೀನಿ ಅಕ್ಕ" ಎಂದು ಇಟ್ಟುಬಿಡುತ್ತೀಯ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ನಿನ್ನ ಹೆಂಡತಿ ಎದುರಿಗೇ ಕೂತು ಓದಿಸುತ್ತಾಳೆ.

ಹೋದ ತಿಂಗಳು ನಿನ್ನ ಮೇದೋಜೀರಕ ಗ್ರಂಥಿ ಊದಿಕೊಂಡು, ಹೊಟ್ಟೆ ಹಿಡಿದುಕೊಂಡು ಒದ್ದಾಡಿದೆ. ಆಸ್ಪತ್ರೆಯಿಂದ ನಗುನಗುತ್ತಾ ಮನೆಗೆ ಬಂದೆ. ನೋವಿನ ಜೊತೆ ಕಾಯಿಲೆಯೂ ಹೋಯಿತೆಂದುಕೊಂಡೆ. ಆಮೇಲೆ ಸಂಜೆಯಾದರೆ ಚಳಿಜ್ವರ. ನೀನೋ, ಥರ್ಮಾಮೀಟರನ್ನು ಬ್ರಷ್‌ಗಳ ಡಬ್ಬದಲ್ಲಿ ಬಚ್ಚಿಟ್ಟೆ! ಅಳೆಯದಿದ್ದರೆ ಜ್ವರ ನಾಚಿಕೊಂಡು ಹೋಗುತ್ತದೆಯೇ? ನಿನ್ನೆ ಸ್ಕ್ಯಾನ್‌ನಲ್ಲಿ ಕಂಡೇಬಿಟ್ಟಿತು, ಜಠರದ ಹಿಂದೆ ಕೀವು ಕಟ್ಟಿಕೊಂಡಿದೆ. ಡಾಕ್ಟರ್ ಫೋನಿನಲ್ಲಿ ನನಗೂ ಬಿಡಿಸಿ ಹೇಳಿದರು. ಪಕ್ಕೆಯಿಂದ ಸಣ್ಣ ನಳಿಕೆ ಇಟ್ಟು ಅದನ್ನು ಹೊರಗೆ ತೆಗೆಯಬೇಕು, ಬರೀ ಮಾತ್ರೆಗೆ ಬಗ್ಗುವಂಥದ್ದಲ್ಲ, ಬಿಟ್ಟರೆ ನಂಜು ರಕ್ತಕ್ಕೇರಿ ಜೀವಕ್ಕೇ ಕುತ್ತು. "ಟ್ಯೂಬ್ ನೇತಾಕ್ಕೊಂಡು ಏಣಿ ಹತ್ತೋಕಾಗುತ್ತಾ? ಮಾತ್ರೆ ಸಾಕು ಬಿಡಿ" ಎಂದು ನೀನು ಎದ್ದು ಬಂದೆಯಂತೆ.

ಅಲ್ಲಪ್ಪಾ, ನೀನು ಪೇಂಟರ್ ಅಲ್ಲವೇ? ನನ್ನ ಕೋಣೆಯ ಗೋಡೆ ಉಬ್ಬಿ ಬಣ್ಣ ಸಿಪ್ಪೆಯೆದ್ದಾಗ, ನೆಂಟರು ಬರುತ್ತಾರೆ, ಮೇಲೊಂದು ಕೋಟ್ ಬಳಿದುಬಿಡು ಎಂದು ಗೋಗರೆದೆ. ನೀನು ಬ್ರಷ್ ಮುಟ್ಟಲಿಲ್ಲ. "ಒಳಗೆ ನೀರಿಟ್ಕೊಂಡು ಹೊರಗೆ ಬಣ್ಣ ಬಳಿಯೋ ಕೆಲಸ ನಂದಲ್ಲ ಅಕ್ಕ" ಎಂದು ಗೋಡೆಯ ಗಾರೆ ಕೀಳಿಸಿ, ಸೋರುವ ಪೈಪು ಹುಡುಕಿಸಿ, ಒಣಗುವ ತನಕ ನನ್ನನ್ನು ಹಾಲ್‌ನಲ್ಲಿ ಮಲಗಿಸಿದೆ. ನೆಂಟರ ಮುಂದೆ ನನ್ನ ಮಾನ ಹೋಯಿತು. ಗೋಡೆ ಮಾತ್ರ ಇವತ್ತಿಗೂ ಗಟ್ಟಿಯಾಗಿದೆ. ನನ್ನ ಗೋಡೆಗೊಂದು ನ್ಯಾಯ, ನಿನ್ನ ಹೊಟ್ಟೆಗೊಂದು ನ್ಯಾಯವೇ?

ನಿನಗೆ ಭಯವಾಗಿದೆ ಎಂದು ಗೊತ್ತು. ನನಗೂ ಆಗಿದೆ. ಆದರೂ ನೀನು ಗೆದ್ದು ಬರುತ್ತೀಯ ಎಂಬ ನಂಬಿಕೆ ಅದಕ್ಕಿಂತ ದೊಡ್ಡದು. ಚಿಕ್ಕವನಿದ್ದಾಗ ಹಿಮ್ಮಡಿಗೆ ಚುಚ್ಚಿದ ಮುಳ್ಳನ್ನು ಯಾರಿಗೂ ಹೇಳದೆ ಕಾಲನ್ನು ಕುಂಬಳಕಾಯಿ ಮಾಡಿಕೊಂಡಿದ್ದೆಯಲ್ಲ, ನೆನಪಿದೆಯೇ? ನರ್ಸಮ್ಮ ಕೀವು ತೆಗೆಯುವಾಗ ನಿನ್ನನ್ನು ಹಿಡಿದುಕೊಂಡವಳು ನಾನು, ಕಚ್ಚಿಸಿಕೊಂಡವಳೂ ನಾನೇ. ಮರುದಿನ ನೀನು ಕುಂಟಿಕೊಂಡೇ ಆಡಲು ಹೋದೆ. ನಿನ್ನ ಹಲ್ಲಿನ ಗುರುತು ನನ್ನ ಮುಂಗೈ ಮೇಲೆ ಇನ್ನೂ ಇದೆ.

ಓದಿಯಾಯಿತೇ? ಕಿಟಕಿಯಿಂದ ಕೆಳಗೆ ನೋಡು. ಇದನ್ನು ನಿನ್ನ ಮನೆ ಮುಂದೆ ಕಾರಿನಲ್ಲಿ ಕೂತೇ ಬರೆದೆ. ನಿನ್ನ ಹೆಂಡತಿ ತುಂಬಿಕೊಟ್ಟ ಬಟ್ಟೆಯ ಚೀಲ ಆಗಲೇ ನನ್ನ ಮಡಿಲಲ್ಲಿದೆ. ಇಳಿದು ಬಾ. ಆಸ್ಪತ್ರೆಯಲ್ಲಿ ನಿನ್ನನ್ನು ಒಳಗೆ ಕರೆದುಕೊಂಡು ಹೋಗುವ ತನಕ ನಿನ್ನ ಕೈ ಹಿಡಿದಿರುತ್ತೇನೆ. ಕಚ್ಚಬೇಕೆನಿಸಿದರೆ, ಗುರುತಿಲ್ಲದ ಕೈ ಇನ್ನೊಂದಿದೆ.

ಇನ್ನೂ ನೂರಾರು ಗೋಡೆಗೆ ಬಣ್ಣ ಬಳಿಯುವಷ್ಟು ಆಯಸ್ಸು ನಿನಗಿರಲಿ,

ಕೆಳಗೆ ಕಾಯುತ್ತಿರುವ
ನಿನ್ನ ಅಕ್ಕ