ಕಪ್ಪೆಗೆ ಧಾರೆ ಎರೆದ ಕೈಗಳಿಗೆ ಒಂದು ವಿನಂತಿ

ಮಾನ್ಯ ಅಭಿಪ್ರಾಯ ಸಂಗ್ರಹ ಅಧಿಕಾರಿಗಳೇ,

ಮೊನ್ನೆ ಶಿರಸಿಯ ಸಭಾಭವನದಲ್ಲಿ ತಾವು ನಡೆಸಿದ ಸಭೆಯ ವರದಿಯಲ್ಲಿ, "ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗುವುದಕ್ಕೆ ಕಾನೂನಿನ ಮಾನ್ಯತೆ ಕೊಡಬಾರದೆಂದು ಮೂರೂ ತಾಲ್ಲೂಕಿನ ಪುರೋಹಿತರು ಸರ್ವಾನುಮತದಿಂದ ಹೇಳಿದರು" ಎಂದು ಬರೆದು ಮೇಲಕ್ಕೆ ಕಳಿಸಲಿದ್ದೀರಂತೆ. ನಾನೂ ಒಬ್ಬ ಪುರೋಹಿತ. ಬನವಾಸಿ ಕಡೆಯ ಹಳ್ಳಿಯ ಅಯ್ಯ. ಇಂಥ ಮದುವೆಗೆ ವಿರೋಧ ಇಲ್ಲದವರು ಕೈ ಎತ್ತಿ ಎಂದು ತಾವು ಕೇಳಿದ ಗಳಿಗೆಯಲ್ಲಿ ನನ್ನ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ತಾವೇ ಹಂಚಿಸಿದ ಮಿರ್ಚಿ ಭಜಿ ಇತ್ತು. ಬಾಯಿಯೂ ಖಾಲಿ ಇರಲಿಲ್ಲ. ಮೌನವೇ ಸಮ್ಮತಿ ಎಂಬುದನ್ನು ನಾನೂ ಓದಿದ್ದೇನೆ. ಆದರೆ ಮಿರ್ಚಿ ಭಜಿಯೂ ಸಮ್ಮತಿ ಎಂದು ಯಾವ ಶಾಸ್ತ್ರದಲ್ಲಿದೆ?

ಆ ಸಭೆಯಿಂದ ಒಂದು ಉಪಕಾರ ಆಯಿತೆಂಬುದನ್ನು ಒಪ್ಪುತ್ತೇನೆ. ಮೈಕಿನ ಸದ್ದು, ಮೆರವಣಿಗೆಯ ದಾರಿ, ಯಾವುದಕ್ಕೂ ಒಂದಾಗದ ಎಲ್ಲ ಧರ್ಮದ ಹಿರಿಯರು ಒಂದೇ ವೇದಿಕೆಯಲ್ಲಿ ಒಬ್ಬರ ಮಾತಿಗೆ ಒಬ್ಬರು ತಲೆಯಾಡಿಸುತ್ತ ಕೂತಿದ್ದರು. ಅವರನ್ನು ಹೀಗೆ ಒಂದುಮಾಡಿದ್ದಕ್ಕೆ, ಇಂಥ ಮದುವೆ ಬಯಸುವ ಹುಡುಗ ಹುಡುಗಿಯರಿಗೆ ಕೋಮು ಸೌಹಾರ್ದದ ಪ್ರಶಸ್ತಿಯನ್ನಾದರೂ ಕೊಡಬಹುದಿತ್ತು.

ತಮ್ಮ ಭಾಷಣದ ಮುಖ್ಯ ಆತಂಕ ನಮ್ಮ ಧಾರ್ಮಿಕ ಸ್ವಾತಂತ್ರ್ಯದ್ದು. ಇಂಥ ಕಾನೂನು ಬಂದರೆ ಪೊಲೀಸರು ಪುರೋಹಿತರನ್ನು ಎಳೆದೊಯ್ದು ಮಂತ್ರ ಹೇಳಿಸುತ್ತಾರೆ ಎಂದಿರಿ. ಸ್ವಾಮಿ, ನಾನು ಕುಡಿದು ಬಂದ ಮದುಮಗನನ್ನು ಹಸೆಯಿಂದ ಎಬ್ಬಿಸಿ ಕಳಿಸಿದವನು. ಮುಹೂರ್ತ ಮೀರಿದರೂ ಡಿ.ಜೆ. ನಿಲ್ಲಿಸದವರ ಮಂಟಪದಿಂದ ಚೀಲ ಎತ್ತಿಕೊಂಡು ಹೊರಟು ಬಂದವನು. ಇಲ್ಲಿಯವರೆಗೆ ಯಾವ ಪೊಲೀಸರೂ ನನ್ನನ್ನು ಹುಡುಕಿಕೊಂಡು ಬಂದಿಲ್ಲ. ಬಂದದ್ದು ಮದುಮಗನ ಸೋದರಮಾವ ಮಾತ್ರ, ಅದೂ ಬೈಯಲಿಕ್ಕೆ. ಒಲ್ಲೆ ಎನ್ನುವ ಸ್ವಾತಂತ್ರ್ಯ ನನಗೆ ಮೊದಲಿನಿಂದಲೂ ಇದೆ, ಅದನ್ನು ಉಳಿಸಿಕೊಡಿ, ಬೇಡವೆನ್ನುವುದಿಲ್ಲ. ಆದರೆ ಹೂಂ ಎನ್ನುವ ಸ್ವಾತಂತ್ರ್ಯ ಯಾರದು? ನನ್ನ ಧರ್ಮವನ್ನು ಕಾಯುತ್ತೇನೆಂದು ಹೊರಟವರು ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಮಸೀದಿ ಕಮಿಟಿಯ ಪರವಾಗಿ ಬಂದು ನನ್ನ ಪಕ್ಕದಲ್ಲಿ ಕೂತಿದ್ದ ಯಲ್ಲಾಪುರದ ಲಾರಿ ಮಾಲೀಕ ಅಬ್ದುಲ್ ಗಫೂರ್ ಸಾಹೇಬರು ಇದನ್ನೆಲ್ಲ ಒಪ್ಪುವವರಲ್ಲ. ಆದರೂ ನನ್ನ ಕಿವಿಯಲ್ಲಿ, "ಅಯ್ನೋರೇ, ನಮ್ಮ ದೀನಿನಲ್ಲಿ ಇದಕ್ಕೆ ಜಾಗ ಇಲ್ಲ, ನಾನು ಮಾಡ್ಸೋದೂ ಇಲ್ಲ. ಆದ್ರೆ ಬೇರೆಯವ್ರು ಕಚೇರಿಗೆ ಹೋಗಿ ಸಹಿ ಹಾಕಿದ್ರೆ ನನ್ನ ನಿಕಾಹ್ ಎಂತಕ್ಕೆ ಕೆಡ್ತದೆ?" ಎಂದರು. ತಮ್ಮ ವರದಿಯಲ್ಲಿ ಅವರ ಮಾತೂ ಇಲ್ಲ.

ಇನ್ನು ತಮ್ಮ ಎರಡನೆಯ ಮಾತು: ಇದು ಪ್ರಕೃತಿಗೆ ವಿರುದ್ಧ. ಇಲ್ಲಿ ನಾನು ತಮಗೆ ಒಂದು ಮದುವೆಯನ್ನು ನೆನಪಿಸಬೇಕಾಗಿದೆ.

ಹೋದ ವರ್ಷ ಮಳೆ ಕೈಕೊಟ್ಟಾಗ ನಮ್ಮೂರಲ್ಲಿ ಕಪ್ಪೆ ಮದುವೆ ಮಾಡಿದೆವು. ತಾವೇ ಮುಖ್ಯ ಅತಿಥಿ. ದೊಡ್ಡ ಕಪ್ಪೆ ವರ, ಸಣ್ಣದು ವಧು ಎಂದು ಊರವರೇ ತೀರ್ಮಾನಿಸಿ ಸಣ್ಣದಕ್ಕೆ ಕೆಂಪು ಖಣದ ತುಂಡು ಸುತ್ತಿದ್ದರು. ಹೆಣ್ಣಿನ ಕಡೆಯ ಹಿರಿಯರಾಗಿ ಧಾರೆ ಎರೆದವರು ತಾವು. ನಾನು ಮಂಗಳಾಷ್ಟಕ ಹೇಳುತ್ತಿದ್ದರೆ ವಧೂವರರಿಬ್ಬರೂ ಗಂಟಲು ಉಬ್ಬಿಸಿ ನನಗಿಂತ ಜೋರಾಗಿ ಒದರುತ್ತಿದ್ದರು. ಆಗ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಮ್ಮೂರ ತುಷಾರ ಹತ್ತಿರ ಬಂದು, "ಅಯ್ನೋರ, ಹಿಂಗ ಒದರೂದು ಗಂಡಗಪ್ಪಿ ಅಷ್ಟ ರೀ. ಇವು ಎರಡೂ ಒದರಾಕ ಹತ್ಯಾವು" ಎಂದ. "ಸುಮ್ನಿರೋ ತಮ್ಮಾ, ಮುಹೂರ್ತ ಮೀರತೈತಿ" ಎಂದು ನಾನು ಅಕ್ಷತೆ ಹಾಕಿಸಿಬಿಟ್ಟೆ.

ಸಂಜೆಯೊಳಗೆ ಮಳೆ ಸುರಿಯಿತು. ನಮ್ಮೂರಲ್ಲಿ ಹಿಂದೆ ಅಪ್ಪಟ ಗಂಡು ಹೆಣ್ಣು ಕಪ್ಪೆಗಳಿಗೆ ಮದುವೆ ಮಾಡಿದಾಗ ಇಷ್ಟು ಮಳೆ ಬಂದದ್ದಿಲ್ಲ. ತಾವು ನೆನೆಯುತ್ತಲೇ ಮೈಕ್ ಹಿಡಿದು, "ಪ್ರಕೃತಿಯೇ ಈ ಜೋಡಿಗೆ ಅಕ್ಷತೆ ಹಾಕಿದೆ" ಎಂದಿರಿ. ಚಪ್ಪಾಳೆ ಹೊಡೆದವರಲ್ಲಿ ನಾನೂ ಇದ್ದೆ. ಹೋದ ವರ್ಷ ಅಕ್ಷತೆ ಹಾಕಿದ ಪ್ರಕೃತಿ ಈ ವರ್ಷ ಯಾವ ಸುತ್ತೋಲೆ ಓದಿ ಮನಸ್ಸು ಬದಲಿಸಿತು, ಮಾನ್ಯರೇ?

ನಗೆ ಸಾಕು. ನಮ್ಮೂರಲ್ಲಿ ಸಾವಿತ್ರವ್ವನ ಹಿಟ್ಟಿನ ಗಿರಣಿ ಇದೆ. ಅದನ್ನು ನಡೆಸುವವರು ಅವಳ ಮಗಳು ಪ್ರತಿಭಾ ಮತ್ತು ಸಿದ್ದಾಪುರದ ಹೆಗ್ಗರಣೆಯಿಂದ ಬಂದು ಇವರ ಮನೆಯಲ್ಲೇ ನೆಲೆಸಿದ ಸ್ಫೂರ್ತಿ. ಇಬ್ಬರೂ ಒಬ್ಬರಿಗೊಬ್ಬರು ಏನಾಗಬೇಕೆಂದು ಊರಿಗೆ ಗೊತ್ತು. ಹಿಟ್ಟು ಸಣ್ಣಗೆ ಬರುವುದರಿಂದ ಯಾರೂ ಮಾತಾಡುವುದಿಲ್ಲ. ಈ ಬೇಸಿಗೆಯಲ್ಲಿ ಸ್ಫೂರ್ತಿಯ ಕೈ ಗಿರಣಿಯ ಬೆಲ್ಟಿಗೆ ಸಿಕ್ಕಿತು. ಪ್ರತಿಭಾ ಅವಳನ್ನು ಆಸ್ಪತ್ರೆಗೆ ಒಯ್ದಾಗ ಬಾಗಿಲಲ್ಲಿ, "ನೀವು ಯಾರಾಗಬೇಕು?" ಎಂದು ಕೇಳಿದರು. ಗಿರಣಿಯ ಸದ್ದನ್ನೂ ಮೀರಿ ಕೂಗಿ ಮಾತಾಡುವ ಹುಡುಗಿ, "ಗೆಳತಿ" ಎಂದಳಂತೆ, ಕೇಳಿಸಿಯೂ ಕೇಳಿಸದ ಹಾಗೆ. ಹಾಗಾದರೆ ಮನೆಯವರನ್ನು ಕರೆಸಿ ಎಂದರು. ಮಗಳ ಜೊತೆ ಮಾತು ಬಿಟ್ಟಿದ್ದ ತಂದೆ ಹೆಗ್ಗರಣೆಯಿಂದ ಬಂದು ಶಸ್ತ್ರಚಿಕಿತ್ಸೆಗೆ ಸಹಿ ಹಾಕುವವರೆಗೆ ಪ್ರತಿಭಾ ಮುಖದ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಮೆಟ್ಟಿಲ ಮೇಲೆ ಕೂತಿದ್ದಳು. ಬೆರಳು ಉಳಿದವು. ನನಗೆ ಮಾತ್ರ ಆ ಮೆಟ್ಟಿಲು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಆಮೇಲೆ ಸಾವಿತ್ರವ್ವ ಇಬ್ಬರನ್ನೂ ನನ್ನ ಮನೆಗೆ ಕರೆತಂದಳು. "ಅಯ್ನೋರ, ಇವರ ತಲಿಮ್ಯಾಲ ನಾಕ ಅಕ್ಕಿಕಾಳ ಹಾಕಿಬಿಡ್ರಿ. ನಾ ಇರೂತನಕ ಅಕಿ ನಮ್ಮಾಕಿ ಅಂತ ನಾ ಹೇಳ್ತೀನಿ. ನಾ ಹೋದಮ್ಯಾಲ ಯಾರ ಹೇಳವ್ರು?" ಎಂದಳು. ಮಂತ್ರದಲ್ಲಿ ವರ ಎಂದು ಬರುವ ಕಡೆ ಏನು ಹೇಳಲಿ ಎಂದು ನಾನು ಚಿಂತೆಗೆ ಬಿದ್ದಾಗ, ಸ್ಫೂರ್ತಿ ಬ್ಯಾಂಡೇಜಿನ ಕೈ ಎತ್ತಿ, "ಮಂತ್ರ ಒಂದೆರಡು ಕಮ್ಮಿ ಆದ್ರೂ ಎನಗೆ ಅಡ್ಡಿಲ್ಲೆ" ಎಂದಳು. ಕಪ್ಪೆಗಳಿಗೇ ಪೂರ್ತಿ ಹೇಳಿದವನು ಇವರಿಗೆ ಕಡಿಮೆ ಮಾಡಲೇ? ಬರುವ ಕಾರ್ತಿಕದಲ್ಲಿ ಗಿರಣಿಯ ಅಂಗಳದಲ್ಲಿ ಅಕ್ಷತೆ ಹಾಕುತ್ತೇನೆ.

ಆದರೆ ನನ್ನ ಅಕ್ಷತೆ ಆಸ್ಪತ್ರೆಯ ಬಾಗಿಲಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಸರಕಾರದ ಮುದ್ರೆಯೇ ಬೇಕು. ದೊಡ್ಡ ನ್ಯಾಯಾಲಯ ಈ ವಿಷಯವನ್ನು ಕಾನೂನು ಮಾಡುವವರಿಗೆ ಬಿಟ್ಟಿದೆ, ಅದು ತಮ್ಮ ಕೈಯಲ್ಲಿಲ್ಲ ಎಂದು ಬಲ್ಲೆ. ತಮ್ಮ ಕೈಯಲ್ಲಿರುವುದು ಆ ವರದಿ. ಅದರಲ್ಲಿನ "ಸರ್ವಾನುಮತ"ವನ್ನು ಹೊಡೆದುಹಾಕಿ. ಒಬ್ಬ ಪುರೋಹಿತನ ಅಭ್ಯಂತರವಿಲ್ಲ, ಆತನಿಗೆ ಪೂರ್ವಾನುಭವವೂ ಇದೆ ಎಂದು ಬರೆಯಿರಿ. ಜೊತೆಗೆ ಆ ಮೆಟ್ಟಿಲ ಸಂಗತಿಯನ್ನೂ ಬರೆಯಿರಿ.

ಕೊನೆಯದಾಗಿ ಒಂದು ನೆನಪು. ಕಪ್ಪೆ ಮದುವೆಯ ಸಂಜೆ ತಮ್ಮ ಜೀಪು ಹಳ್ಳದ ಕೆಸರಿನಲ್ಲಿ ಹೂತುಹೋಗಿತ್ತು. ಗಿರಣಿ ನಿಲ್ಲಿಸಿ ಓಡಿಬಂದು, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅದನ್ನು ಮೇಲಕ್ಕೆ ನೂಕಿದವರು ಇವರಿಬ್ಬರೇ. ಆಗ ತಾವು, ನೀವಿಬ್ಬರೂ ಯಾರಾಗಬೇಕು ಎಂದು ಕೇಳಲಿಲ್ಲ.

ಇಂತಿ,
ಭಜಿ ತಿಂದು ಮಾತು ಕಳೆದುಕೊಂಡ,
ಎರಡು ಗಂಡುಕಪ್ಪೆಗಳ ಪುರೋಹಿತ